ಗ್ರೇಫ್ರಯರ್ಸ್ ಚರ್ಚು ಮತ್ತು ಅದರ ಸ್ಮಶಾನ: ಚರಿತ್ರೆ ಹಾಗೂ ಜನಸ್ಮೃತಿ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದ ಗ್ರೇಫ್ರಯರ್ಸ್ ಚರ್ಚು ಪ್ರೆಸ್ಬಿಟೇರಿಯನ್ ಪಂಥದ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನ ಪಡೆದಿದೆ. ಬೂದುಬಣ್ಣದ ನಿಲುವಂಗಿ ತೊಡುತ್ತಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ ಹಿಂದೆ ಇಲ್ಲಿದ್ದುದೇ ಈ ಹೆಸರಿಗೆ ಕಾರಣ. 1560ರ ಮತಸುಧಾರಣೆಯೊಂದಿಗೆ ಮಠದ ಕಾಲ ಮುಗಿಯಿತು. ಸೇಂಟ್ ಜೈಲ್ಸ್ ಚರ್ಚಿನ ಸ್ಮಶಾನದಲ್ಲಿ ಸ್ಥಳ ಸಾಲದಾದಾಗ, 1562ರಲ್ಲಿ ರಾಣಿ ಮೇರಿ ಮಠದ ತೋಟವನ್ನು ಶವಸಂಸ್ಕಾರಕ್ಕಾಗಿ ನಗರಕ್ಕೆ ಬಿಟ್ಟುಕೊಟ್ಟಳು. ಚರ್ಚಿನ ನಿರ್ಮಾಣ ಆರಂಭವಾದದ್ದು 1602ರಲ್ಲಿ. ಆರಾಧನೆಗೆ ತೆರೆದದ್ದು 1620ರಲ್ಲಿ. ಇಲ್ಲಿ ಚರ್ಚಿಗಿಂತ ಸ್ಮಶಾನವೇ ಹಳೆಯದೆಂಬುದು ಗಮನಾರ್ಹ.

ಬಿಷಪ್ಪರ ಅಧಿಕಾರಕ್ಕೆ ಬದಲಾಗಿ ಹಿರಿಯರ ಸಭೆಯೇ ಧರ್ಮಾಡಳಿತ ನಡೆಸಬೇಕೆಂಬುದು ಪ್ರೆಸ್ಬಿಟೇರಿಯನ್ನರ ಮೂಲ ತತ್ತ್ವ. ದೊರೆ ಒಂದನೆಯ ಚಾರ್ಲ್ಸ್ 1637ರಲ್ಲಿ ಹೊಸ ಪ್ರಾರ್ಥನಾ ಗ್ರಂಥವನ್ನು ಹೇರಿದಾಗ ವಿರೋಧ ಭುಗಿಲೆದ್ದಿತು. ಅದರ ಫಲವಾಗಿ 1638ರ ಫೆಬ್ರವರಿ 28ರಂದು ಈ ಚರ್ಚಿನಲ್ಲಿ ರಾಷ್ಟ್ರೀಯ ಒಡಂಬಡಿಕೆಗೆ ಸಹಿ ಬಿದ್ದಿತು. ಸಹಿ ನಡೆದದ್ದು ಹೊರಗಿನ ಸಮಾಧಿಗಲ್ಲಿನ ಮೇಲೆಂದೂ ಕೆಲವರು ತಮ್ಮ ರಕ್ತದಿಂದಲೇ ಸಹಿ ಹಾಕಿದರೆಂದೂ ಐತಿಹ್ಯ ಹೇಳುತ್ತದೆ. ಇತಿಹಾಸಕಾರರು ಚರ್ಚಿನ ಒಳಗೇ ಸಹಿ ನಡೆಯಿತೆಂದು ಭಾವಿಸುತ್ತಾರೆ. ಆದರೆ ಜನರ ನೆನಪು ಆ ಪ್ರತಿಜ್ಞೆಯನ್ನು ಸಮಾಧಿಗಳ ನಡುವೆ ಇರಿಸಿದ್ದಕ್ಕೆ ಮುಂದೆ ನಡೆದ ಘಟನೆಗಳಲ್ಲಿ ಕಾರಣ ದೊರೆಯುತ್ತದೆ.

1679ರ ಜೂನ್‌ನಲ್ಲಿ ಬಾತ್ವೆಲ್ ಸೇತುವೆಯ ಕದನದಲ್ಲಿ ಒಡಂಬಡಿಕೆಯ ಪಕ್ಷದವರು ಸೋತರು. ಸುಮಾರು 1,200 ಸೆರೆಯಾಳುಗಳನ್ನು ಈ ಸ್ಮಶಾನಕ್ಕೆ ಹೊಂದಿಕೊಂಡ ಬಯಲಿನಲ್ಲಿ ಕೂಡಿಹಾಕಲಾಯಿತು. ಮತ್ತೆ ಆಯುಧ ಹಿಡಿಯೆವೆಂದು ಬರೆದುಕೊಟ್ಟವರಿಗೆ ಬಿಡುಗಡೆ ದೊರೆಯಿತು; ಕೆಲವರು ಅಲ್ಲೇ ಸತ್ತರು. ಉಳಿದ ಸುಮಾರು 250 ಮಂದಿಯನ್ನು ಗಡೀಪಾರು ಮಾಡಲು ಹತ್ತಿಸಿದ ಹಡಗು ಡಿಸೆಂಬರಿನಲ್ಲಿ ಆರ್ಕ್ನಿ ದ್ವೀಪಗಳ ಬಳಿ ಒಡೆದು, ಬಹುಪಾಲು ಜನ ಮುಳುಗಿಹೋದರು.

ಇವರ ಪಕ್ಷದವರ ಮೇಲೆ ಮೊಕದ್ದಮೆ ನಡೆಸಿದ ಸರ್ಕಾರಿ ವಕೀಲ ಸರ್ ಜಾರ್ಜ್ ಮೆಕೆಂಜಿ 1691ರಲ್ಲಿ ತೀರಿಕೊಂಡಾಗ ಆತನಿಗೂ ಇದೇ ಸ್ಮಶಾನದಲ್ಲಿ ಗುಮ್ಮಟದ ಸಮಾಧಿ ದೊರೆಯಿತು. ಹುತಾತ್ಮರಿಗೆ ಸ್ಮಾರಕ ಎದ್ದದ್ದು 1706ರಲ್ಲಿ, ಈಗಿರುವುದು 1771ರದು. ಆದರೆ ಜನರು ತಮ್ಮ ತೀರ್ಪನ್ನು ಕಲ್ಲಿಗಾಗಿ ಕಾಯಿಸಲಿಲ್ಲ. ಅವರು ಆತನನ್ನು ‘ರಕ್ತಸಿಕ್ತ ಮೆಕೆಂಜಿ’ ಎಂದು ಕರೆದರು. ಧೈರ್ಯವಿದ್ದರೆ ಹೊರಗೆ ಬಾ ಎಂದು ಸಮಾಧಿಯ ಬಾಗಿಲಲ್ಲಿ ಕೂಗಿ ಓಡಿಹೋಗುವುದು ಮಕ್ಕಳ ಆಟವಾಯಿತು.

ಚರ್ಚಿನ ಕಟ್ಟಡವೂ ಏರಿಳಿತ ಕಂಡಿತು. ಗೋಪುರದಲ್ಲಿರಿಸಿದ್ದ ಮದ್ದು 1718ರಲ್ಲಿ ಸಿಡಿಯಿತು. 1845ರಲ್ಲಿ ಬೆಂಕಿ ಬಿದ್ದಿತು. ಎರಡು ಸಭೆಗಳಾಗಿ ಒಡೆದಿದ್ದ ಚರ್ಚು 1929ರಲ್ಲಿ ಒಂದಾಯಿತು. ಕಟ್ಟಡದ ಚರಿತ್ರೆ ದಾಖಲೆಗಳಲ್ಲಿ ಉಳಿದಿದೆ. ಸೋತವರ ಚರಿತ್ರೆಯಾದರೋ ಮೊದಲು ಉಳಿದುದು ಬಾಯಿಮಾತಿನಲ್ಲಿ. ದಿನಾಂಕಕ್ಕೆ ದಾಖಲೆಯೇ ಪ್ರಮಾಣ. ಆ ದಿನಾಂಕ ಜನರಿಗೆ ಏನಾಗಿತ್ತೆಂಬುದಕ್ಕೆ ಮಕ್ಕಳ ಆಟವೂ ಪ್ರಮಾಣವಾಗಬಲ್ಲದು.