ತಂತಿಗೂ ಒಂದು ಊರಿತ್ತು

ಹೈದರಾಬಾದಿನ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೋ ಬೀರುವಿನ ಹಿಂದೆಯೋ ಒಂದು ಹಳೆಯ ಗಿಟಾರ್ ಸಿಕ್ಕುತ್ತದೆ. ಕಾಲೇಜಿನ ದಿನಗಳಲ್ಲಿ ಯಾರೋ ಕೊಂಡದ್ದು, ನಾಲ್ಕು ಹಾಡು ಕಲಿತು ಬಿಟ್ಟದ್ದು. ಈಗ ಮನೆಯ ಹುಡುಗಿಯೋ ಹುಡುಗನೋ ಅದನ್ನು ಕೆಳಗಿಳಿಸಿ ಧೂಳು ಕೊಡವಿ ಮೀಟಿದರೆ ಹೊರಡುವುದು ಸತ್ತ ಸದ್ದು. ತಂತಿಗಳು ಕಂದುಗಟ್ಟಿವೆ, ಮುಟ್ಟಿದ ಬೆರಳಿಗೆ ತುಕ್ಕು ಹತ್ತುತ್ತದೆ. ಬಲ್ಲವರು ಹೇಳುವುದು ಒಂದೇ ಮಾತು: ಮೊದಲು ತಂತಿ ಬದಲಿಸಿ.

ಸಿಕಂದರಾಬಾದಿನ ಅಂಗಡಿಯಿಂದ ಹೊಸ ತಂತಿಗಳ ಪೊಟ್ಟಣ ಬರುತ್ತದೆ. ಒಳಗೆ ಸುರುಳಿ ಸುತ್ತಿದ ಆರು ತಂತಿಗಳು. ಹೆಚ್ಚಿನ ಪೊಟ್ಟಣಗಳ ಮೇಲೆ ಯಾವುದೋ ಹೊರದೇಶದ ಹೆಸರಿರುತ್ತದೆ. ಗಿಟಾರ್ ಹೊರಗಿನ ವಾದ್ಯ, ತಂತಿಯೂ ಹೊರಗಿನದೇ ಇದ್ದೀತು ಎಂದು ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಆದರೆ ಒಂದು ಕಾಲದಲ್ಲಿ ಜಗತ್ತಿನ ಅತ್ಯುತ್ತಮ ಉಕ್ಕು ಇದೇ ದಖ್ಖನಿನಲ್ಲಿ ಆಗುತ್ತಿತ್ತು. ವಾದ್ಯದ ತಂತಿಗೇ ಹೆಸರಾದ ಒಂದು ಊರು ಕನ್ನಡ ನಾಡಿನಲ್ಲಿತ್ತು. ಆ ಊರಿನ ಹೆಸರು ಇಂದೂ ಎಲ್ಲರ ಬಾಯಲ್ಲಿದೆ, ಆದರೆ ತಂತಿಗಾಗಿ ಅಲ್ಲ.

ತಂತಿ ಎಂಬುದು ನೋಡಲು ಎಷ್ಟು ಸಣ್ಣದೋ ಅದರ ಕೆಲಸ ಅಷ್ಟು ದೊಡ್ಡದು. ಗಿಟಾರಿನ ಅತಿ ತೆಳುವಾದ ಮೊದಲ ತಂತಿಯ ದಪ್ಪ ಸುಮಾರು 0.3 ಮಿಲಿಮೀಟರ್. ಅದನ್ನು ಸರಿಯಾದ ಶ್ರುತಿಗೆ, ಅಂದರೆ ಸೆಕೆಂಡಿಗೆ ಸುಮಾರು 330 ಕಂಪನಗಳಿಗೆ ಏರಿಸಿದಾಗ ಅದರ ಮೇಲೆ ಹತ್ತು ಕಿಲೋಗೂ ಹೆಚ್ಚಿನ ಎಳೆತ ಬೀಳುತ್ತದೆ. ಕಟ್ಟಡದ ಕೆಲಸದಲ್ಲಿ ಕಂಬಿಗಳನ್ನು ಬಿಗಿಯುವ ಮೆತ್ತನೆಯ ಕಬ್ಬಿಣದ ತಂತಿ ಅಷ್ಟೇ ತೆಳುವಾಗಿದ್ದರೆ ಇದರ ಅರ್ಧ ಭಾರವನ್ನೂ ತಾಳದೆ ತುಂಡಾಗುತ್ತದೆ. ಅಷ್ಟು ಬಿಗಿದರೂ ಕಡಿಯಬಾರದು, ಮೀಟಿದಾಗ ಉದ್ದಕ್ಕೂ ಒಂದೇ ಸಮನಾಗಿ ಕಂಪಿಸಬೇಕು. ದಪ್ಪದಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಸ್ವರ ಸೊಟ್ಟಗಾಗುತ್ತದೆ. ಹಳೆಯ ತಂತಿ ಸಾಯುವುದೂ ಹೀಗೆಯೇ. ಬೆರಳಿನ ಬೆವರಿನ ಉಪ್ಪು ತುಕ್ಕು ಹಿಡಿಸುತ್ತದೆ, ದಪ್ಪ ತಂತಿಗಳ ಮೇಲಿನ ಕಂಚಿನ ಸುತ್ತುಗಳ ನಡುವೆ ಕೊಳೆ ಕೂರುತ್ತದೆ, ಮೆಟ್ಟಿಲುಗಳಿಗೆ ಒತ್ತಿ ಒತ್ತಿ ಅಲ್ಲಲ್ಲಿ ತಗ್ಗು ಬೀಳುತ್ತದೆ. ಒಂದು ಕಡೆ ಭಾರ, ಒಂದು ಕಡೆ ಹಗುರವಾದ ತಂತಿಯನ್ನು ಎಷ್ಟು ತಿರುಪಿದರೂ ಶ್ರುತಿ ಕೂಡುವುದಿಲ್ಲ.

ಇಂಥ ತಂತಿಗೆ ಬೇಕಾದದ್ದು ಉಕ್ಕು. ಹೈದರಾಬಾದಿನ ಉತ್ತರಕ್ಕೆ, ಈಗಿನ ನಿಜಾಮಾಬಾದ್ ಜಿಲ್ಲೆಯಲ್ಲಿ ಕೋನಸಮುದ್ರಂ ಎಂಬ ಹಳ್ಳಿಯಿದೆ. ನಿಜಾಮರ ಕಾಲದಲ್ಲಿ ಅಲ್ಲಿನ ಕುಲುಮೆಗಳ ಉಕ್ಕು ಪರ್ಷಿಯಾದವರೆಗೆ ಹೋಗುತ್ತಿತ್ತು. ಮಹಾ ತ್ರಿಕೋನಮಿತಿ ಸರ್ವೆಯ ವೈದ್ಯನೂ ಭೂವಿಜ್ಞಾನಿಯೂ ಆಗಿದ್ದ ಹೆನ್ರಿ ವಾಯ್ಸಿ 1820ರ ಆಸುಪಾಸಿನಲ್ಲಿ ಅಲ್ಲಿಗೆ ಹೋಗಿದ್ದ. ಎರಡು ಊರುಗಳ ಕಬ್ಬಿಣವನ್ನು ಬೆರೆಸಿ, ಮಣ್ಣಿನ ಮೂಸೆಯಲ್ಲಿಟ್ಟು, ತಿದಿ ಒತ್ತಿ ಕರಗಿಸುವುದನ್ನು ಅವನು ಬರೆದಿಟ್ಟ. ಉಕ್ಕು ಕೊಳ್ಳಲು ಇಸ್ಫಹಾನಿನಿಂದ ಬಂದಿದ್ದ ವ್ಯಾಪಾರಿಯನ್ನೂ ಅಲ್ಲಿ ಕಂಡ. 1824ರಲ್ಲಿ ಅವನು ತೀರಿಕೊಂಡ. ಬರಹ ಅಚ್ಚಾದದ್ದು 1832ರಲ್ಲಿ. ಡಮಾಸ್ಕಸ್ ಖಡ್ಗವೆಂದು ಜಗತ್ತು ಕೊಂಡಾಡಿದ ಅಲಗುಗಳ ಹಿಂದೆ ಇಂಥ ಹಳ್ಳಿಗಳ ಹೊಗೆ ಇತ್ತು.

ಇಂಗ್ಲೆಂಡ್ ಈ ಲೋಹವನ್ನು ವೂಟ್ಸ್ ಎಂದು ಕರೆಯಿತು. ಆ ಪದದ ಮೂಲ ಕನ್ನಡದ ‘ಉಕ್ಕು’ ಎನ್ನುತ್ತವೆ ನಿಘಂಟುಗಳು. ತೆಲುಗಿನಲ್ಲೂ ಅದೇ ಪದ. ವೂಕ್ ಎಂದು ಬರೆದದ್ದನ್ನು ಯಾರೋ ತಪ್ಪಾಗಿ ಓದಿ ವೂಟ್ಸ್ ಆಗಿರಬೇಕೆಂದು ಊಹೆ. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಅದರ ಗಟ್ಟಿಗಳನ್ನು ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಮುಂದೆ, ವಿದ್ಯುತ್ತಿನ ಸಂಶೋಧನೆಗಳಿಂದ ಹೆಸರಾಗುವ ಮೊದಲು, ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ಕೂಡ ವೂಟ್ಸಿನ ಗುಟ್ಟು ಹುಡುಕುತ್ತ ಕೆಲವು ವರ್ಷ ಕಳೆದ.

ಆದರೆ ಉಕ್ಕಿನ ಗಟ್ಟಿಯಿಂದ ಖಡ್ಗ ಬಡಿಯುವುದು ಒಂದು ವಿದ್ಯೆಯಾದರೆ, ಉಕ್ಕನ್ನು ಎಳೆಯಾಗಿಸುವುದು ಇನ್ನೊಂದು. ಅಕ್ಕಸಾಲಿಗರು ಬೆಳ್ಳಿಯನ್ನು ತೂತುಗಳ ಅಚ್ಚಿನಲ್ಲಿ ತೂರಿಸಿ ಎಳೆಯುವುದನ್ನು ನೋಡಿದವರಿಗೆ ತಂತಿ ಎಳೆಯುವ ಕೆಲಸ ಗೊತ್ತು. ದೊಡ್ಡ ತೂತಿನಿಂದ ಚಿಕ್ಕದಕ್ಕೆ, ಅಲ್ಲಿಂದ ಇನ್ನೂ ಚಿಕ್ಕದಕ್ಕೆ. ಬೆಳ್ಳಿ ಮಣಿಯುತ್ತದೆ. ಉಕ್ಕು ಎಳೆದಷ್ಟೂ ಬಿರುಸಾಗುತ್ತದೆ, ತಪ್ಪಿದರೆ ಫಟ್ಟನೆ ಕಡಿಯುತ್ತದೆ.

ಈ ವಿದ್ಯೆ ಚನ್ನಪಟ್ಟಣದಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದ ಸೀಮೆಯಲ್ಲಿ ಏನೇನಿದೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ನನನ್ನು ಕಳಿಸಿದ. 1800ರಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಕಡೆಗೆ ಹೊರಟ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಮಾಡುವುದನ್ನು ಗುರುತಿಸಿಕೊಂಡ. ಪಕ್ಕದ ಮಾಗಡಿ ಸೀಮೆಯಲ್ಲಿ ಉಕ್ಕು ಕರಗಿಸುವ ಕುಲುಮೆಗಳೂ ಇದ್ದವು. ಆವರಿಕೆ ಎಂದೂ ಕರೆಯುವ ತಂಗಡಿ ಗಿಡದ ಕಡ್ಡಿಯನ್ನು ಮೂಸೆಯಲ್ಲಿ ಕಬ್ಬಿಣದ ಜೊತೆ ಇಡುತ್ತಿದ್ದರು. ಆ ಕಡ್ಡಿ ಸುಟ್ಟು ಉಳಿದ ಇದ್ದಿಲೇ ಕಬ್ಬಿಣವನ್ನು ಉಕ್ಕಾಗಿಸುತ್ತಿತ್ತು. ಸುಮಾರು ನೂರು ವರ್ಷಗಳ ನಂತರ, 1897ರ ಮೈಸೂರು ಗೆಜೆಟಿಯರ್‌ನಲ್ಲಿ ಲೂಯಿ ರೈಸ್ ಕೂಡ ಚನ್ನಪಟ್ಟಣದ ತಂತಿಯನ್ನು ಹೆಸರಿಸಿದ. ಅದರ ಗುಣದಿಂದಾಗಿ ದಕ್ಷಿಣ ಇಂಡಿಯಾದ ಎಲ್ಲೆಡೆ ಅದಕ್ಕೆ ಬೇಡಿಕೆಯಿತ್ತಂತೆ. ಬ್ರಿಟಿಷರ ಇಂಪೀರಿಯಲ್ ಗೆಜೆಟಿಯರ್ ಚನ್ನಪಟ್ಟಣದ ಮೂರು ಸರಕುಗಳನ್ನು ಹೇಳುತ್ತದೆ: ಅರಗಿನ ಆಟಿಕೆ, ಗಾಜಿನ ಬಳೆ, ವಾದ್ಯದ ಉಕ್ಕಿನ ತಂತಿ.

ಅದೇ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಬೇರೊಂದು ಕೆಲಸ ನಡೆದಿತ್ತು. ಅಲ್ಲಿ ತಂತಿ ಬೇಕಾಗಿದ್ದದ್ದು ಪಿಯಾನೊಗೆ. 1854ರಲ್ಲಿ ಜೇಮ್ಸ್ ಹಾರ್ಸ್‌ಫಾಲ್ ಉಕ್ಕಿನ ತಂತಿಯನ್ನು ಹದಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂದಿಗೂ ಆ ಕ್ರಿಯೆಯನ್ನು ಕಾರ್ಖಾನೆಗಳಲ್ಲಿ ಪೇಟೆಂಟಿಂಗ್ ಎಂದೇ ಕರೆಯುತ್ತಾರೆ. ತಂತಿಯನ್ನು ಕೆಂಪಗೆ ಕಾಯಿಸಿ, ಕರಗಿದ ಸೀಸದಂಥ ದ್ರವದಲ್ಲಿ ಹದವಾಗಿ ಆರಿಸಿ, ಆಮೇಲೆ ಎಳೆಯುವುದು. ಉಕ್ಕಿನ ಒಳಗಿನ ರಚನೆ ನವುರಾದ ಪದರಗಳಾಗಿ ಕೂರುತ್ತದೆ. ಆಗ ಎಷ್ಟು ಎಳೆದರೂ ಕಡಿಯದೆ ಗಟ್ಟಿಯಾಗುತ್ತ ಹೋಗುತ್ತದೆ. ಪಿಯಾನೊಗೆಂದು ಹುಟ್ಟಿದ ಈ ತಂತಿ ಎಷ್ಟು ಬಲವಾಗಿತ್ತೆಂದರೆ, 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ಕೇಬಲ್ಲಿಗೆ ಕವಚವಾಗಿ ಸುತ್ತಿದ್ದು ಅದನ್ನೇ. ಒಟ್ಟು ಸುಮಾರು 1,600 ಟನ್.

ಒಂದು ಕಡೆ ಮೂಸೆ, ತಿದಿ, ಕೈಯಿಂದ ಎಳೆದ ತಂತಿ. ಇನ್ನೊಂದು ಕಡೆ ಟನ್ನುಗಟ್ಟಲೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಬಂತು. ಬೆಂಗಳೂರು–ಮೈಸೂರು ರೈಲು 1880ರ ದಶಕದ ಆರಂಭದಲ್ಲಿ ಚನ್ನಪಟ್ಟಣವನ್ನು ಹಾದು ಹೋಯಿತು. ಸೀಮೆಯ ಸರಕು ಬಂದರಿನಿಂದ ಒಳನಾಡಿನ ಪೇಟೆಗೆ ಬರುವುದು ಸಲೀಸಾಯಿತು. ಕೋನಸಮುದ್ರದ ಕುಲುಮೆ ಆರಿತು. ಚನ್ನಪಟ್ಟಣದಲ್ಲಿ ಆಟಿಕೆ ಉಳಿಯಿತು, ತಂತಿ ಉಳಿಯಲಿಲ್ಲ. ಆಟಿಕೆ ಕಣ್ಣಿಗೆ ಕಾಣುವಂಥದ್ದು, ಮನೆಯಲ್ಲಿ ಇಟ್ಟುಕೊಳ್ಳುವಂಥದ್ದು. ತಂತಿ ಸವೆಯುವುದಕ್ಕೇ ಹುಟ್ಟಿದ್ದು. ಹಳೆಯ ವೀಣೆ ವಸ್ತುಸಂಗ್ರಹಾಲಯದಲ್ಲಿ ಸಿಕ್ಕಬಹುದು, ಅದರ ಮೊದಲ ತಂತಿ ಸಿಕ್ಕುವುದು ಕಷ್ಟ. ಕಡಿದದ್ದನ್ನು ಯಾರೂ ಎತ್ತಿಡುವುದಿಲ್ಲ. ಎಳೆದವರ ಹೆಸರೂ ಹಾಗೆಯೇ ಹೋಯಿತು.

ನಮ್ಮ ಸಂಗೀತ ಮಾತ್ರ ನಿಲ್ಲಲಿಲ್ಲ; ಬಂದ ತಂತಿಯನ್ನು ತನ್ನದಾಗಿಸಿಕೊಂಡಿತು. ಜರ್ಮನಿಯ ರೋಸ್ಲಾವ್ ಎಂಬ ಊರಿನ ಹೆಸರು ಪಿಯಾನೊದವರಂತೆ ಸಿತಾರಿನವರ ಬಾಯಲ್ಲೂ ಓಡಾಡುತ್ತದೆ. ಬಡೇ ಗುಲಾಮ್ ಅಲಿ ಖಾನ್ ತಮ್ಮ ಕೊನೆಯ ದಿನಗಳನ್ನು ಹೈದರಾಬಾದಿನ ಬಶೀರ್‌ಬಾಗ್ ಅರಮನೆಯಲ್ಲಿ ಕಳೆದು 1968ರ ಏಪ್ರಿಲ್‌ನಲ್ಲಿ ಅಲ್ಲೇ ತೀರಿಕೊಂಡರು. ಅವರ ಚಿತ್ರಗಳಲ್ಲಿ ತೋಳಿಗೆ ಒರಗಿರುವ ಸ್ವರಮಂಡಲದ ತುಂಬ ಉಕ್ಕಿನ ತಂತಿಗಳೇ. ರಾಗ ಬದಲಾದಂತೆ ಅವನ್ನು ಮತ್ತೆ ಶ್ರುತಿ ಮಾಡಿಕೊಳ್ಳಬೇಕು.

ಗಿಟಾರಿಗೆ ಉಕ್ಕು ಬಂದದ್ದು ಇವೆಲ್ಲಕ್ಕಿಂತ ತಡವಾಗಿ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅದಕ್ಕೆ ಕುರಿಯ ಕರುಳಿನ ತಂತಿಯೇ ಹೆಚ್ಚು. ಅಮೆರಿಕದಲ್ಲಿ ಹವಾಯಿಯ ಗಿಟಾರ್ ವಾದನದ ಹುಚ್ಚು ಹಬ್ಬಿದ ಮೇಲೆ, 1920ರ ದಶಕದಲ್ಲಿ ಮಾರ್ಟಿನ್‌ನಂಥ ತಯಾರಕರು ಉಕ್ಕಿನ ತಂತಿಗೆಂದೇ ಗಿಟಾರನ್ನು ಗಟ್ಟಿಗೊಳಿಸಿದರು. ಎರಡನೆಯ ಮಹಾಯುದ್ಧದಲ್ಲಿ ಗಾಯ ಹೊಲಿಯಲು ಕರುಳಿನ ದಾರ ಬೇಕಾಗಿ ವಾದ್ಯಗಳಿಗೆ ಅಭಾವವಾಯಿತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್, ಆಂಡ್ರೆಸ್ ಸೆಗೋವಿಯಾ ಅವರ ಒತ್ತಾಸೆಯಿಂದ ನೈಲಾನ್ ತಂತಿ ಮಾಡಿದ.

ಹೊಸಬರು ತಂತಿ ಬದಲಿಸುವಾಗ ಈ ಚರಿತ್ರೆಯನ್ನು ಮರೆತರೆ ಗಿಟಾರೇ ಹಾಳಾಗುತ್ತದೆ. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ, ನೈಲಾನಿನದು ಸುಮಾರು 40. ಕುದುರೆಗೆ ತಂತಿಯನ್ನು ಗಂಟು ಹಾಕಿ ಕಟ್ಟುವ ಗಿಟಾರ್ ಕರುಳಿನ ವಂಶದ್ದು. ಅದಕ್ಕೆ ನೈಲಾನೇ ಆಗಬೇಕು. ಉಕ್ಕು ಬಿಗಿದರೆ ಕುದುರೆ ಕಿತ್ತು ಬಂದೀತು, ಮೇಲಿನ ಹಲಗೆ ಉಬ್ಬೀತು. ತುದಿಯ ಹಿತ್ತಾಳೆಯ ಗುಂಡನ್ನು ತೂತಿಗೆ ಇಳಿಸಿ ಗೂಟದಿಂದ ಒತ್ತುವಂತಿದ್ದರೆ ಅದು ಉಕ್ಕಿನದು.

ಉಳಿದದ್ದು ತಾಳ್ಮೆಯ ಕೆಲಸ. ಬಿಗಿಯಾಗಿರುವಾಗಲೇ ತಂತಿಯನ್ನು ಕತ್ತರಿಸಬಾರದು, ಚಿಮ್ಮಿ ಕಣ್ಣಿಗೆ ಬಡಿಯಬಹುದು. ಬಿರಡೆ ತಿರುಗಿಸಿ ಸಡಿಲಿಸಿ ಬಿಚ್ಚಬೇಕು. ಒಂದು ತೆಗೆದು ಒಂದು ಹಾಕುತ್ತ ಹೋದರೆ ಹೊಸಬರಿಗೆ ಯಾವ ತಂತಿ ಎಲ್ಲಿ ಎಂಬ ಗೊಂದಲವಿರುವುದಿಲ್ಲ. ಬಿರಡೆಗೆ ಎರಡು ಮೂರು ಸುತ್ತು ಬರುವಷ್ಟು ಉದ್ದ ಬಿಟ್ಟು, ಸುತ್ತುಗಳು ಒಂದರ ಮೇಲೊಂದು ಏರದಂತೆ ಕೆಳಗಿಳಿಯುತ್ತ ಸುತ್ತಬೇಕು. ಹೊಸ ತಂತಿ ಮೊದಲ ದಿನ ಪದೇ ಪದೇ ಶ್ರುತಿ ಇಳಿಯುತ್ತದೆ. ಗಾಬರಿ ಬೇಡ, ಸುತ್ತುಗಳು ಕೂರಬೇಕು, ಅಷ್ಟೆ. ಮೆಲ್ಲಗೆ ಎತ್ತಿ ಎಳೆದು ಮತ್ತೆ ಶ್ರುತಿಗೆ ತರಬೇಕು. ನುಡಿಸಿದ ಮೇಲೆ ಬಟ್ಟೆಯಿಂದ ಒರೆಸಿದರೆ ಬಾಳಿಕೆ ಹೆಚ್ಚು.

ಕೆಲಸ ಮುಗಿದಾಗ ನೆಲದ ಮೇಲೆ ಆರು ತುಕ್ಕು ತಂತಿಗಳು ಬಿದ್ದಿರುತ್ತವೆ. ತುದಿ ಚುಚ್ಚದಂತೆ ಸುರುಳಿ ಸುತ್ತಿ, ಹಳೆಯ ಕಬ್ಬಿಣದವನಿಗೆ ಕೊಡುವ ಡಬ್ಬಿಗೆ ಹಾಕುವುದು ವಾಡಿಕೆ. ಚನ್ನಪಟ್ಟಣದ ತಂತಿಗಳೂ ಇದೇ ದಾರಿಯಲ್ಲಿ ಹೋಗಿರಬೇಕು.