ಕೊಚ್ಚಿಯ ಯಹೂದಿ ಮಂದಿರ: ಸ್ವಾಧ್ಯಾಯ ಮತ್ತು ಸಮತೆ

ಅಲ್ಪಸಂಖ್ಯಾತ ಸಮಾಜವೊಂದು ಶತಮಾನಗಳ ಕಾಲ ತನ್ನ ಧರ್ಮವನ್ನು ಉಳಿಸಿಕೊಂಡು ಬರುವುದು ಕೇವಲ ಪೂಜಾವಿಧಿಗಳಿಂದಲ್ಲ. ಪೂಜೆಯೊಡನೆ ಸ್ವಾಧ್ಯಾಯವೂ, ಸ್ವಾಧ್ಯಾಯದೊಡನೆ ಸಮಾಜದ ಸುಖದುಃಖಗಳೂ ಒಂದೆಡೆ ಕೂಡಿದಾಗಲೇ ಅದು ಸಾಧ್ಯ. ಜೈನರಿಗೆ ಬಸದಿ ಹೇಗೋ ಯಹೂದ್ಯರಿಗೆ ಸಿನೆಗಾಗ್ ಹಾಗೆ. ಹೀಬ್ರೂ ಭಾಷೆಯಲ್ಲಿ ಅದರ ಹೆಸರಿಗೆ ‘ಸಭಾಗೃಹ’ ಎಂದೇ ಅರ್ಥ. ಅಲ್ಲಿ ವಿಗ್ರಹವಿಲ್ಲ; ತೋರಾ ಎಂಬ ಧರ್ಮಗ್ರಂಥದ ಕೈಬರಹದ ಸುರುಳಿಗಳಿಗೇ ಅಗ್ರಸ್ಥಾನ.

ಕೇರಳದಲ್ಲಿ ಯಹೂದ್ಯರ ನೆಲೆ ಪ್ರಾಚೀನವಾದುದು. ಸುಮಾರು ಕ್ರಿ.ಶ. 1000ದಲ್ಲಿ ಚೇರ ದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ಗೌರವಾಧಿಕಾರಗಳನ್ನಿತ್ತ ತಾಮ್ರಶಾಸನ ಇಂದಿಗೂ ಉಳಿದಿದೆ. ಮುಂದೆ ಸ್ಪೇನ್ ಮೊದಲಾದ ದೇಶಗಳಿಂದ ಬಂದು ‘ಪರದೇಶಿ’ಗಳೆನಿಸಿಕೊಂಡ ಯಹೂದ್ಯರು 1568ರಲ್ಲಿ ಮಟ್ಟಾಂಚೇರಿಯಲ್ಲಿ, ಕೊಚ್ಚಿ ಅರಸರ ಅರಮನೆಯ ಪಕ್ಕದಲ್ಲಿಯೇ, ಮಂದಿರವನ್ನು ಕಟ್ಟಿದರು. 1662ರಲ್ಲಿ ಪೋರ್ಚುಗೀಸರಿಂದ ಹಾನಿಗೊಂಡ ಅದು ಎರಡು ವರ್ಷಗಳಲ್ಲಿ ಜೀರ್ಣೋದ್ಧಾರಗೊಂಡಿತು. ಗುಜರಾತಿ ಜೈನರ ಧರ್ಮನಾಥ ಜಿನಾಲಯವೂ ಇದೇ ಮಟ್ಟಾಂಚೇರಿಯಲ್ಲಿದೆ ಎಂಬುದು ಸ್ಮರಣೀಯ.

ಈ ಮಂದಿರವು ಸಮಾಜದ ಪಾಠಶಾಲೆಯೂ ಆಗಿತ್ತು. ಬಾಲಕರು ಎಳವೆಯಲ್ಲಿಯೇ ಹೀಬ್ರೂ ಲಿಪಿಯನ್ನು ಕಲಿತು ಧರ್ಮಗ್ರಂಥವನ್ನು ಓದಬಲ್ಲವರಾಗುತ್ತಿದ್ದರು. ಕೊಚ್ಚಿಯ ಸಿನೆಗಾಗ್‌ಗಳಲ್ಲಿ ಕೆಳಗಿನ ವೇದಿಕೆಯಲ್ಲದೆ ಮೇಲಂತಸ್ತಿನಲ್ಲಿಯೂ ಒಂದು ವೇದಿಕೆ ಇರುವುದು ವಿಶೇಷ. ಸಬ್ಬತ್ತಿನಂದು ಹಾಗೂ ಹಬ್ಬಗಳಂದು ತೋರಾ ಪಠನ ನಡೆಯುತ್ತಿದ್ದುದು ಅಲ್ಲಿಂದಲೇ. ಮಹಿಳೆಯರ ಪ್ರಾರ್ಥನಾಸ್ಥಳ ಅದಕ್ಕೆ ಸಮೀಪವಾಗಿತ್ತು. ವರ್ಷವಿಡೀ ಸಾಗುವ ತೋರಾ ಪಾರಾಯಣ ಮುಗಿದು ಮತ್ತೆ ಆರಂಭವಾಗುವ ದಿನ ‘ಸಿಮ್ಹಾತ್ ತೋರಾ’. ಅಂದು ಗ್ರಂಥದ ಸುರುಳಿಗಳನ್ನೆತ್ತಿಕೊಂಡು ಹಾಡುತ್ತ ಪ್ರದಕ್ಷಿಣೆ ಬರುವರು. ಶ್ರುತಪಂಚಮಿಯಂದು ಜಿನವಾಣಿಯನ್ನು ಅರ್ಚಿಸುವ ಜೈನರಿಗೆ ಇದರ ಭಾವ ಅಪರಿಚಿತವಲ್ಲ.

ಅಲ್ಲಿನ ಮಹಿಳೆಯರ ಕೊಡುಗೆ ಗಮನಾರ್ಹವಾದುದು. ಮದುವೆ, ಹಬ್ಬಗಳಲ್ಲಿ ಹಾಡಲು ಅವರಲ್ಲಿ ಮಲಯಾಳಂ ಹಾಡುಗಳ ದೊಡ್ಡ ಭಂಡಾರವೇ ಇತ್ತು. ಪುರಾತನ ಗ್ರಂಥದ ಕಥೆಗಳನ್ನೂ ಊರಿನ ಮಂದಿರಗಳ ವೃತ್ತಾಂತವನ್ನೂ ಹೇಳುವ ಈ ಹಾಡುಗಳನ್ನು ಅವರು ಕೈಯಾರೆ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಮುಂದಿನ ಪೀಳಿಗೆಗೆ ಕೊಡುತ್ತಿದ್ದರು.

ಇಷ್ಟು ವಿದ್ಯಾಪ್ರಿಯವಾದ ಸಮಾಜದೊಳಗೇ ಒಂದು ಕಲೆ ಉಳಿದಿತ್ತು. ಯಹೂದಿ ಮನೆತನಗಳಲ್ಲಿ ದಾಸರಾಗಿದ್ದು ಬಿಡುಗಡೆ ಹೊಂದಿ ಯಹೂದಿ ಧರ್ಮವನ್ನೇ ಅನುಸರಿಸುತ್ತಿದ್ದವರ ಸಂತತಿಗೆ ಪರದೇಶಿ ಮಂದಿರದಲ್ಲಿ ಸಮಾನ ಸ್ಥಾನವಿರಲಿಲ್ಲ. ಅವರು ಹೊರಕೋಣೆಯಲ್ಲಿ ಕುಳಿತು ಪ್ರಾರ್ಥಿಸಬೇಕಾಗಿತ್ತು. ತೋರಾ ಪಠನದ ಗೌರವವೂ ವಿವಾಹಸಂಬಂಧವೂ ಅವರಿಗೆ ನಿರಾಕೃತವಾಗಿದ್ದವು. ವಿಪರ್ಯಾಸವೆಂದರೆ ಶಾಸ್ತ್ರ ಇದನ್ನು ಸಮ್ಮತಿಸಿರಲಿಲ್ಲ. 16ನೆಯ ಶತಮಾನದಲ್ಲಿಯೇ ಕೊಚ್ಚಿಯಿಂದ ಹೋದ ಪ್ರಶ್ನೆಗೆ ಕೈರೋ ನಗರದ ಧರ್ಮಪಂಡಿತ ದಾವಿದ್ ಇಬ್ನ್ ಝಿಮ್ರಾ ಅವರು, ವಿಧಿಪೂರ್ವಕವಾಗಿ ಧರ್ಮಕ್ಕೆ ಬಂದವರೊಡನೆ ವಿವಾಹಸಂಬಂಧ ಸಲ್ಲುವುದೆಂದೇ ಉತ್ತರವಿತ್ತಿದ್ದರು. ಉತ್ತರ ತಲುಪಿತು, ಆಚಾರ ಬದಲಾಗಲಿಲ್ಲ.

ಈ ವರ್ಗದಲ್ಲಿ 1882ರಲ್ಲಿ ಜನಿಸಿದ ಅಬ್ರಹಾಂ ಬರಾಕ್ ಸಲೇಂ ಅವರು ಮದರಾಸಿನಲ್ಲಿ ಕಾನೂನು ಓದಿ ವಕೀಲರಾದರು. ಕೊಚ್ಚಿಯ ಶಾಸನಸಭೆಯ ಸದಸ್ಯರಾದರು. 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನದಲ್ಲಿ ಪಾಲ್ಗೊಂಡರು. ರಾಜಸಭೆಯಲ್ಲಿ ಆಸನವಿದ್ದ ಇವರಿಗೆ ದೇವಸನ್ನಿಧಿಯಲ್ಲಿ ಆಸನವಿರಲಿಲ್ಲ. ಅವರು ಧರ್ಮವನ್ನು ತ್ಯಜಿಸಲಿಲ್ಲ, ದ್ವೇಷವನ್ನೂ ಬೆಳೆಸಲಿಲ್ಲ. ಕೆಲಕಾಲ ಮಂದಿರವನ್ನು ಬಹಿಷ್ಕರಿಸಿದರು. ಗಾಂಧೀಜಿಯವರ ಸತ್ಯಾಗ್ರಹಮಾರ್ಗವನ್ನು ಸ್ವಧರ್ಮೀಯರ ಮುಂದೆಯೇ ಪ್ರಯೋಗಿಸಿದರು. 1930ರ ದಶಕದ ಕೊನೆಯ ವೇಳೆಗೆ ನಿರ್ಬಂಧಗಳಲ್ಲಿ ಹಲವು ಸಡಿಲಗೊಂಡವು. ಜನರು ಅವರನ್ನು ‘ಯಹೂದಿ ಗಾಂಧಿ’ ಎಂದು ಕರೆದರು.

ಆದರೆ ಕಾಲ ಕಾಯಲಿಲ್ಲ. 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪಿತವಾದ ಮೇಲೆ, ವಿಶೇಷವಾಗಿ 1950ರ ದಶಕದಲ್ಲಿ, ಕೇರಳದ ಯಹೂದ್ಯರಲ್ಲಿ ಬಹುಪಾಲು ಜನ ಅಲ್ಲಿಗೆ ತೆರಳಿದರು. ಸಲೇಂ 1967ರಲ್ಲಿ ನಿಧನರಾದರು. ಮರುವರ್ಷ ನಡೆದ ಮಂದಿರದ ನಾಲ್ಕನೆಯ ಶತಮಾನೋತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಆಗಮಿಸಿದ್ದರು, ಅಂಚೆಚೀಟಿಯೂ ಬಿಡುಗಡೆಯಾಯಿತು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರಿರಬೇಕೆಂಬುದು ಯಹೂದಿ ನಿಯಮ. 21ನೆಯ ಶತಮಾನದಲ್ಲಿ ಆ ಹತ್ತು ಮಂದಿಗಾಗಿ ಮಟ್ಟಾಂಚೇರಿ ಪರಸ್ಥಳದ ಅತಿಥಿಗಳನ್ನು ಅವಲಂಬಿಸಬೇಕಾಯಿತು. ಒಂದು ಕಾಲದಲ್ಲಿ ಒಳಗೆ ಕೂರಲು ಬಿಡದ ಮಂದಿರ ಕೂರುವವರಿಗಾಗಿ ಕಾಯುವಂತಾಯಿತು.

ಇನ್ನೊಂದು ಸಂಗತಿ ಮನನಯೋಗ್ಯ. ಅದೇ ಹೊರಗಿಡಲ್ಪಟ್ಟ ವರ್ಗದಲ್ಲಿ 1912ರಲ್ಲಿ ಜನಿಸಿದ ರೂಬಿ ಡ್ಯಾನಿಯಲ್ ಎಂಬ ಮಹಿಳೆ ಇಸ್ರೇಲಿಗೆ ಹೋದ ಮೇಲೆ ಕೊಚ್ಚಿಯ ಮಹಿಳೆಯರ ಹಾಡುಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. 1995ರಲ್ಲಿ ಅವರ ಆತ್ಮಕಥನವೂ ಪ್ರಕಟವಾಯಿತು. ಹೀಗೆ, ಹಿಂದೆ ತೋರಾದ ಗೌರವ ಪಡೆಯದವರ ಮಗಳೇ ಸಮಾಜದ ಸ್ಮೃತಿಯನ್ನು ಕಾಪಾಡಿದವರಲ್ಲಿ ಒಬ್ಬಳಾದಳು.

ಸಮ್ಯಗ್ಜ್ಞಾನವು ಸಮ್ಯಕ್‌ಚಾರಿತ್ರದಲ್ಲಿ ಪರ್ಯವಸಾನ ಹೊಂದದಿದ್ದರೆ ಮೋಕ್ಷಮಾರ್ಗ ಪೂರ್ಣವಾಗದೆಂದು ಜೈನಾಚಾರ್ಯರು ಸಾರಿದ್ದಾರೆ. ತೀರ್ಥಂಕರರ ಸಮವಸರಣದಲ್ಲಿ ದೇವ, ಮನುಷ್ಯ, ತಿರ್ಯಂಚ ಜೀವಿಗಳಿಗೆಲ್ಲ ಸ್ಥಾನವುಂಟು. ಬಸದಿಗಳ ಜೀರ್ಣೋದ್ಧಾರಕ್ಕೆ ಧನ ಸಂಗ್ರಹಿಸುವ ಆಡಳಿತ ಮಂಡಳಿಗಳು, ಪಾಠಶಾಲೆಯಲ್ಲಿ, ಸಭೆಯಲ್ಲಿ, ಪಂಕ್ತಿಯಲ್ಲಿ ಯಾರು ಹೊರಕೋಣೆಯಲ್ಲಿ ಉಳಿದಿದ್ದಾರೆ ಎಂಬುದನ್ನೂ ಸಕಾಲದಲ್ಲಿ ವಿಚಾರಿಸುವುದು ಶ್ರೇಯಸ್ಕರ.