ಮಹಾರಾಜ ಪಾರ್ಕು ಕಲಿಸಿದ ಪಾಠ

ನನ್ನ ಬಾಲ್ಯ ಕಳೆದದ್ದು ಹಾಸನದ ಮಹಾರಾಜ ಪಾರ್ಕಿನ ಆಸುಪಾಸಿನಲ್ಲಿ. ಸಂಜೆ ತಾತನವರ ಕೈಹಿಡಿದು ಅಲ್ಲಿಗೆ ಹೋಗಿ, ಕಡಲೆಕಾಯಿ ಮೆಲ್ಲುತ್ತ ಮರಗಳ ನೆರಳಿನಲ್ಲಿ ಆಡುವುದು ನಿತ್ಯದ ಪರಿಪಾಠ. ರಜೆಯಲ್ಲಿ ಅರಕಲಗೂಡಿನ ಕಡೆಯ ನಮ್ಮ ಹಳ್ಳಿಗೆ ಹೋದಾಗ, ಊರ ಮುಂದಿನ ಕೆತ್ತನೆಯ ಕಲ್ಲೊಂದರ ಮೇಲೆ ಕುಡುಗೋಲು ಮಸೆಯುತ್ತಿದ್ದೆವು.

ವರ್ಷಗಳ ನಂತರ ಅದೇ ಪಾರ್ಕಿನಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಅಂಥದೇ ಕಲ್ಲನ್ನು ಕಂಡು ಬೆಚ್ಚಿದೆ. ಅದು ವೀರಗಲ್ಲು! ಕೆಳಗಿನಿಂದ ಮೇಲಕ್ಕೆ ಓದಬೇಕು: ಮೊದಲು ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಹೊಯ್ಸಳರ ಕಾಲದಲ್ಲಿ (11ರಿಂದ 14ನೆಯ ಶತಮಾನ) ಊರ ದನಗಳನ್ನು ಉಳಿಸಲು ಕಾದಿ ಮಡಿದವರಿಗೂ ಇಂಥ ಕಲ್ಲು ನಿಲ್ಲಿಸುತ್ತಿದ್ದರು.

ಹಳ್ಳಿಗೆ ಹೋಗಿ ನೋಡಿದೆ. ನಮ್ಮ ವೀರನ ಮುಖ ಸವೆದುಹೋಗಿತ್ತು.

ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿಯೇ, ಮಕ್ಕಳೇ, ನಿಮ್ಮನ್ನು ಪ್ರತಿವರ್ಷ ಆ ಪಾರ್ಕಿಗೆ ಕರೆದೊಯ್ಯುತ್ತಿದ್ದೆ.